ಉಸಿರಾಡುವ ಚೀಸು

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಲೆ ನನಗೆ ಅಂಟಿದ ಕಾಯಿಲೆ ಯಾವುದೆಂದರೆ, ‘ಗೊತ್ತಿಲ್ಲ’ ಎಂಬ ಮೂರಕ್ಷರ ನಾಲಗೆಯ ಮೇಲೆ ಹೊರಳುವುದೇ ಇಲ್ಲ. ಮೂಡುಬಿದಿರೆಯಿಂದ ತೋಡಾರಿನ ನಮ್ಮ ಶಾಲೆಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ‘ಇವತ್ತು ಸೆಕೆ ಜೋರು’ ಅಂದರೆ ಸಾಕು, ಗಾಳಿಯ ತೇವಾಂಶದ ಬಗ್ಗೆ ಇಳಿಯುವ ಜಾಗ ಬರುವವರೆಗೆ ಹೇಳುತ್ತೇನೆ. ನನ್ನ ಜಾಗವಲ್ಲ, ಅವರದ್ದು. ಕೆಲವರು ತಮ್ಮ ಜಾಗಕ್ಕಿಂತ ಮೊದಲೇ ಇಳಿದುಬಿಡುವುದೂ ಉಂಟು. ಕಳೆದ ವರ್ಷ ಮನೆಯ ಮಿಕ್ಸಿ ನಿಂತುಹೋದಾಗ ಹೆಂಡತಿ ಸುಮತಿಗೆ ಮೋಟಾರು ತಿರುಗುವ ತತ್ವವನ್ನು ಕಾಲು ಗಂಟೆ ವಿವರಿಸಿದೆ. ಆಮೇಲೆ ರಿಪೇರಿಯವನು ಬಂದು, ಸಡಿಲವಾಗಿದ್ದ ಪ್ಲಗ್ಗನ್ನು ಒತ್ತಿ, ಚಾ ಕುಡಿದು ಹೋದ. ಇಂಥ ನನ್ನ ಕೈಗೆ ಒಂದು ಚೀಸಿನ ತುಂಡು ಬಂದು ಬಿದ್ದ ಕಥೆ ಇದು.

ತಂದವನು ನನ್ನ ಷಡ್ಡಕ ಶಾಂತಿರಾಜ. ಸುಮತಿಯ ಅಕ್ಕನ ಗಂಡ. ಬಂಟ್ವಾಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಹನ್ನೆರಡು ದಿನ ಯುರೋಪು ಸುತ್ತಿ ಬಂದ ಮೇಲೆ ಅವನು ಊರಿನ ಯಾವ ವಸ್ತುವನ್ನೂ ಮೊದಲಿನ ಹಾಗೆ ನೋಡುತ್ತಿರಲಿಲ್ಲ. ನಮ್ಮ ಮನೆಯ ನೀರು ಕುಡಿದು ‘ಅಲ್ಲಿಯ ನೀರು!’ ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ಚೀಲದಿಂದ ಇಟ್ಟಿಗೆಯ ಅರ್ಧದಷ್ಟಿದ್ದ ಒಂದು ಹಳದಿ ತುಂಡನ್ನು ತೆಗೆದು, ಮಗುವನ್ನು ಒಪ್ಪಿಸುವ ಹಾಗೆ ನನ್ನ ಎರಡೂ ಕೈಗಳ ಮೇಲೆ ಇಟ್ಟ.

“ಮೇಷ್ಟ್ರೇ, ಇದು ಹದಿನೆಂಟು ತಿಂಗಳು ಹಳೆಯದು. ಈಗ ತಿನ್ನಬೇಡಿ. ಒಂದೂವರೆ ತಿಂಗಳು ಬಿಟ್ಟು ನಾನು, ಹೆಂಡತಿ ಇಬ್ಬರೂ ಬರ್ತೇವೆ, ಆಗ ಒಟ್ಟಿಗೆ ಕೂತು ತಿನ್ನುವ. ಆದರೆ ಇದನ್ನು ಇಡುವುದೇ ಒಂದು ವಿದ್ಯೆ ಮಾರಾಯ್ರೆ. ಎಲ್ಲರಿಗೂ ಆಗುವುದಿಲ್ಲ.”

ಕೊನೆಯ ಮಾತನ್ನು ಅವನು ಹೇಳಬಾರದಿತ್ತು. “ನಾನು ಮಕ್ಕಳಿಗೆ ಆಹಾರ ಸಂರಕ್ಷಣೆಯ ಪಾಠ ಮಾಡುವವ” ಎಂದೆ. ಅಷ್ಟರಲ್ಲಿ ನನ್ನ ಅಮ್ಮ ಒಳಗಿನಿಂದ ಬಂದರು. ನಾವು ಜೈನರು. ಅಮ್ಮ ಸಂಜೆ ದೀಪ ಹಚ್ಚುವ ಮೊದಲೇ ಊಟ ಮುಗಿಸುವವರು, ನಿನ್ನೆಯ ಮೊಸರನ್ನು ಇವತ್ತು ಮುಟ್ಟದವರು. ಕರುವಿನ ಹೊಟ್ಟೆಯ ಹೆಪ್ಪು ಹಾಕದ ಚೀಸೇ ಎಂದು ಅಂಗಡಿಯವನಲ್ಲಿ ಮೂರು ಸಲ ಕೇಳಿ ಖಚಿತ ಮಾಡಿಕೊಂಡೆ ಅಂತ ಶಾಂತಿರಾಜ ಅವರಿಗೆ ಭರವಸೆ ಕೊಟ್ಟ. ಅಮ್ಮನ ಪ್ರಶ್ನೆ ಬೇರೆಯೇ ಇತ್ತು.

“ಹದಿನೆಂಟು ತಿಂಗಳು ಯಾರೂ ತಿನ್ನದೆ ಉಳಿದದ್ದನ್ನು ನಮಗೆ ತಂದೆಯಾ ಮಗಾ?”

ಶಾಂತಿರಾಜ ಹೋದ ಮೇಲೆ ಮೊಬೈಲು ಹಿಡಿದು ಕೂತೆ. ಚೀಸು ಇಡುವುದನ್ನು ಕಲಿಸಲು ಜಗತ್ತಿನಲ್ಲಿ ಇಷ್ಟೊಂದು ಜನ ಕೆಲಸ ಬಿಟ್ಟು ಕೂತಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬರು ಒದ್ದೆ ಬಟ್ಟೆ ಸುತ್ತಿ ಎಂದರು, ಇನ್ನೊಬ್ಬರು ಒದ್ದೆ ತಾಗಿದರೆ ಮುಗಿಯಿತು ಎಂದರು. ಒಬ್ಬಾಕೆ ಮೈಗೆಲ್ಲ ಎಣ್ಣೆ ಸವರಲು ಹೇಳಿದಳು. ಬಾಣಂತಿಯ ಕೋಣೆಯಲ್ಲಿ ಕೂಸಿಗೆ ಮಾಡಿದ ಉಪಚಾರವೂ ಇದಕ್ಕಿಂತ ಕಡಿಮೆಯೇ. ಎಲ್ಲರೂ ಒಪ್ಪಿದ್ದು ಒಂದೇ ಮಾತನ್ನು: ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಚೀಸು ಉಸಿರಾಡಬೇಕು. ಬಟರ್ ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಸ್ವಲ್ಪ ತೆರೆದು, ಫ್ರಿಡ್ಜಿನ ತರಕಾರಿ ಡ್ರಾಯರಿನಲ್ಲಿ ಇಡಬೇಕು.

ಬಟರ್ ಪೇಪರಿಗಾಗಿ ಪೇಟೆಯ ಬೇಕರಿಗೆ ಹೋದೆ. ಬೇಕರಿಯವರು ಪೂರ್ತಿ ಕೇಳಿಸಿಕೊಂಡು, “ಸಾರ್, ನಾನು ಇಷ್ಟು ವರ್ಷದಿಂದ ಚೀಸ್ ಪಫ್ಸ್ ಮಾಡ್ತಾ ಇದ್ದೇನೆ. ಅದು ಉಸಿರಾಡಿದ್ದನ್ನು ಒಂದು ದಿನವೂ ನೋಡ್ಲಿಲ್ಲ” ಎಂದು ನಾಲ್ಕು ಹಾಳೆ ಕೊಟ್ಟರು. ಮನೆಗೆ ಬಂದು ಸುತ್ತುತ್ತಿದ್ದಾಗ ಅಮ್ಮ ಏನೆಂದು ಕೇಳಿದರು. ‘ಉಸಿರಾಡಲಿಕ್ಕೆ’ ಎಂದೆ. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

“ಉಸಿರಾಡುವುದು ಹೌದಾದರೆ ಜೀವ ಉಂಟು ಅಂತ ಆಯಿತಲ್ಲ. ಜೀವ ಇರುವುದನ್ನು ತಿನ್ನುವುದು ಹೇಗೆ?”

ಇದಕ್ಕೆ ಹತ್ತನೇ ತರಗತಿಯ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಆದರೂ ಕೊಟ್ಟೆ. ಅಮ್ಮ ಕೇಳುತ್ತ ಕೇಳುತ್ತ ನಿದ್ದೆ ಹೋದರು.

ತರಕಾರಿ ಡ್ರಾಯರು ಸುಮತಿಯ ರಾಜ್ಯ. ಅಲ್ಲಿ ತರಕಾರಿ ಇರುವುದು ಹೆಸರಿಗೆ. ನಿಜವಾಗಿ ಇರುವುದು ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡು. ಅದರ ಪಕ್ಕದಲ್ಲೇ ನನ್ನ ಡಬ್ಬಿಗೆ ಜಾಗ ಸಿಕ್ಕಿತು. ಮುಂದಿನ ಭಾನುವಾರ ಬೆಳ್ತಂಗಡಿಯಲ್ಲಿ ಒಂದು ಮದುವೆ. ಸುಮತಿ ಎರಡು ಚೆಂಡು ಮಲ್ಲಿಗೆ ಮುಡಿದು ಮುಂದಿನ ಸಾಲಿನಲ್ಲಿ ಕೂತಳು. ಐದು ನಿಮಿಷದಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು ಮೂಗಿಗೆ ಸೆರಗು ಹಿಡಿದು, “ಎಲ್ಲಿಯೋ ಹಾಲು ಒಡೆದ ವಾಸನೆ ಬರ್ತಾ ಉಂಟಲ್ಲ?” ಎಂದರು. ಮಾತು ಸಾಲಿನಿಂದ ಸಾಲಿಗೆ ಹಬ್ಬಿ ಅಡುಗೆ ಕೋಣೆ ಮುಟ್ಟಿತು. ಅಡುಗೆಯವರು ಗಾಬರಿಯಾಗಿ ಪಾಯಸದ ಹಂಡೆಯ ಮುಚ್ಚಳ ತೆಗೆದು ಮೂಸಿದರು. ಮದುಮಗಳ ತಂದೆಯೂ ಮೂಸಿದರು. ಇಡೀ ಚಪ್ಪರದಲ್ಲಿ ಕಾರಣ ಗೊತ್ತಿದ್ದವರು ನಾವಿಬ್ಬರೇ. ಸುಮತಿ ಮೆಲ್ಲಗೆ ಎದ್ದು, ಹೊರಗೆ ಹೋಗಿ, ಬೋಳು ಜಡೆಯಲ್ಲಿ ಮರಳಿ ಬಂದಳು. ವಾಪಸು ಬರುವಾಗ ಕಾರಿನಲ್ಲಿ ಅವಳು ಆಡಿದ್ದು ಒಂದೇ ಮಾತು. “ನಿಮ್ಮ ಚೀಸ್ ಉಸಿರಾಡಿದ್ದು ಸಾಕು.”

ಅವಳ ಸಿಟ್ಟು ಇಳಿಯುವ ಮೊದಲೇ ಬೂಷ್ಟು ಬಂತು. ದಿನವೂ ಶಾಲೆಯಿಂದ ಬಂದ ಕೂಡಲೇ ಡಬ್ಬಿ ತೆರೆದು ನೋಡುವುದು ನನ್ನ ಪದ್ಧತಿ. ಹದಿನೈದನೇ ದಿನ ಒಂದು ಮೂಲೆಯಲ್ಲಿ ಹಸಿರು ಚುಕ್ಕೆ ಕಂಡಿತು. ಗಟ್ಟಿ ಚೀಸಿಗೆ ಬೂಷ್ಟು ಬಂದರೆ ಎಸೆಯಬೇಕಿಲ್ಲ, ಚುಕ್ಕೆಯ ಸುತ್ತ ಒಂದು ಇಂಚು ಬಿಟ್ಟು ಕತ್ತರಿಸಿದರೆ ಸಾಕು ಎಂದು ಓದಿದ್ದೆ. ಸ್ಕೇಲು ಇಟ್ಟು ಅಳೆದು ಕತ್ತರಿಸಿದೆ. ನಾಲ್ಕು ದಿನಕ್ಕೆ ಇನ್ನೊಂದು ಬದಿಯಲ್ಲಿ ಚುಕ್ಕೆ. ಅಲ್ಲಿಯೂ ಒಂದು ಇಂಚು. ಕತ್ತರಿಸಿದ್ದನ್ನು ಕಸದ ಬುಟ್ಟಿಗೆ ಹಾಕಲು ಅಮ್ಮ ಬಿಡಲಿಲ್ಲ; ಬೂಷ್ಟೂ ಒಂದು ಜೀವವೇ, ಹಿತ್ತಿಲಿನ ಬಾಳೆಯ ಬುಡದಲ್ಲಿ ನೆರಳು ನೋಡಿ ಇಟ್ಟು ಬಾ ಎಂದರು. ಇಟ್ಟು ಬಂದೆ. ವಿಜ್ಞಾನದಲ್ಲಿ ಎಲ್ಲಿಯೂ ತಪ್ಪಲಿಲ್ಲ. ಆದರೆ ನಾಲ್ಕು ಇಂಚಿನ ತುಂಡಿನಿಂದ ಒಂದೊಂದು ಇಂಚು ಕಳೆಯುತ್ತ ಹೋದರೆ ಏನಾಗುತ್ತದೆಂದು ಗಣಿತದ ಮೇಷ್ಟ್ರಾಗಿದ್ದರೆ ಹೊಳೆಯುತ್ತಿತ್ತೋ ಏನೋ. ಶಾಂತಿರಾಜ ‘ಭಾನುವಾರ ಮಧ್ಯಾಹ್ನ ಬರ್ತೇವೆ’ ಎಂದು ಫೋನು ಮಾಡುವ ಹೊತ್ತಿಗೆ, ತಿಕ್ಕಿ ತಿಕ್ಕಿ ಉಳಿದ ಸೋಪಿನ ಚೂರಿನಷ್ಟು ಚೀಸು ಬಹಳ ಚೆನ್ನಾಗಿ ಸಂರಕ್ಷಣೆಗೊಂಡಿತ್ತು.

ಡಬ್ಬಿ ಹಿಡಿದು ಅಡುಗೆಮನೆಯಲ್ಲಿ ಕೂತೆ. ಎಲ್ಲರಿಗೂ ಆಗುವುದಿಲ್ಲ ಎಂದಿದ್ದ ಅವನ ಮುಖ ಕಣ್ಣೆದುರು ಬಂತು. ಸುಮತಿಗೆ ನನ್ನನ್ನು ನೋಡಿ ಪಾಪ ಅನಿಸಿರಬೇಕು. ಶನಿವಾರ ಸಂಜೆ ಪೇಟೆಗೆ ಹೋಗಿ, ಪ್ರತಿ ಅಂಗಡಿಯಲ್ಲೂ ಸಿಗುವ ಸಾದಾ ಚೀಸಿನ ಒಂದು ದೊಡ್ಡ ಪ್ಯಾಕೆಟು ತಂದು, ಅದರ ಮೂಲೆಗಳನ್ನು ಚಾಕುವಿನಿಂದ ಸ್ವಲ್ಪ ಒರಟು ಮಾಡಿ, ನನ್ನ ಬಟರ್ ಪೇಪರಿನಲ್ಲಿ ಸುತ್ತಿದಳು.

“ಇದು ಮೋಸ ಅಲ್ಲವಾ?” ಎಂದೆ.

“ಹಾಗಾದರೆ ಆ ಚೂರನ್ನೇ ಕೊಟ್ಟು, ಕತ್ತರಿಸಿ ಕತ್ತರಿಸಿ ಮುಗಿಸಿದೆ ಅಂತ ಭಾವನಿಗೆ ಹೇಳಿ.”

ಧರ್ಮದ ಪರವಾಗಿ ಇನ್ನೂ ಸ್ವಲ್ಪ ವಾದಿಸಬಹುದಿತ್ತು. ವಾದಿಸಲಿಲ್ಲ.

ಭಾನುವಾರ ಊಟದ ನಂತರ ಚಾವಡಿಯಲ್ಲಿ ಎಲ್ಲರೂ ಕೂತಿದ್ದಾಗ ಸುಮತಿ ತಟ್ಟೆ ತಂದಿಟ್ಟಳು. ಶಾಂತಿರಾಜ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಕಣ್ಣು ಮುಚ್ಚಿ ಬಾಯಿಗಿಟ್ಟ. ಕಣ್ಣು ತೆರೆದಾಗ ಅವನ ಮುಖದಲ್ಲಿ ಯುರೋಪು ಇತ್ತು.

“ಒರಿಜಿನಲ್ ಅಂದರೆ ಇದು! ನಮ್ಮ ಊರಿನ ಪ್ಯಾಕೆಟಿನದ್ದಕ್ಕೆ ಈ ರುಚಿ ಎಲ್ಲಿಂದ ಬರಬೇಕು?”

ನನ್ನ ಉಸಿರು ಮರಳಿತು. ಅಷ್ಟರಲ್ಲಿ ಅವನು ಮೂಲೆಯ ಕುರ್ಚಿಯಲ್ಲಿದ್ದ ಅಮ್ಮನ ಕಡೆ ತಿರುಗಿದ. “ಅಮ್ಮಾ, ನೀವೂ ಒಂದು ಚೂರು ತಿನ್ನಿ. ಹದಿನೆಂಟು ತಿಂಗಳಿನದ್ದು!”

ಅಮ್ಮ ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಅವರನ್ನು ಒಳಗಿನ ಕೋಣೆಯಲ್ಲಿ ಮಲಗಿಸಬೇಕೆಂಬ ಬುದ್ಧಿ ನನಗಾಗಲೀ ಸುಮತಿಗಾಗಲೀ ಬಂದಿರಲಿಲ್ಲ.

“ಹದಿನೆಂಟು ತಿಂಗಳಾ?” ಎಂದರು ಅಮ್ಮ. “ಇದು ನಿನ್ನೆ ಅಂಗಡಿಯಿಂದ ತಂದದ್ದು.”

ಸುಮತಿ ನೆಲ ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಶಾಂತಿರಾಜ ತೊಡೆ ತಟ್ಟಿ ಗಹಗಹಿಸಿ ನಕ್ಕ.

“ಕೇಳಿದಿರಾ! ನಿನ್ನೆ ಅಂಗಡಿಯಿಂದ ತಂದ ಹಾಗೆ ಉಂಟು ಅಂತ ಅಮ್ಮನೇ ಸರ್ಟಿಫಿಕೇಟ್ ಕೊಟ್ಟರು! ಮೇಷ್ಟ್ರೇ, ಸೋತೆ. ಇಡುವುದು ಅಂದರೆ ಹೀಗೆ ಇಡಬೇಕು.”

ಅವನು ತಟ್ಟೆ ಖಾಲಿ ಮಾಡಿದ. ಅವರ ಕಾರು ಹೋದ ಮೇಲೆ ಅಮ್ಮ ನನ್ನನ್ನು ಕರೆದು, “ನಾನು ಇದ್ದದ್ದನ್ನು ಹೇಳಿದೆ ಮಗಾ. ಕೇಳುವವರ ಕಿವಿ ನನ್ನ ಕೈಯಲ್ಲಿ ಇಲ್ಲ” ಎಂದು ಒಳಗೆ ನಡೆದರು. ನಾನು ಫ್ರಿಡ್ಜು ತೆರೆದು ನಿಜವಾದ ಚೂರನ್ನು ತೆಗೆದು ಬಾಯಿಗೆ ಹಾಕಿಕೊಂಡೆ. ಸ್ವಲ್ಪ ಕಾಗದದ ರುಚಿ ಇತ್ತು, ಬಾಕಿಯೆಲ್ಲ ಮಲ್ಲಿಗೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆದರೆ ಶಾಂತಿರಾಜ ತನ್ನ ಅಂಗಡಿಗೆ ಬಂದವರಿಗೆಲ್ಲ ಟೈಲ್ಸಿನ ಜೊತೆಗೆ ನನ್ನ ಕೀರ್ತಿಯನ್ನೂ ಕೊಟ್ಟು ಕಳಿಸಿದ್ದ. ಬುಧವಾರ ನಾರಾವಿಯಿಂದ ಗುರುತಿಲ್ಲದ ಒಬ್ಬರ ಫೋನು ಬಂತು. “ಸಾರ್, ಚೀಸ್ ಇಡುವ ವಿಷಯದಲ್ಲಿ ನಿಮ್ಮನ್ನು ಮೀರಿದವರಿಲ್ಲ ಅಂತ ಕೇಳಿದೆ. ಮಗಳು ಒಂದು ತುಂಡು ಕಳಿಸಿದ್ದಾಳೆ. ಅದು ಹಾಳಾಗದ ಹಾಗೆ ಏನು ಮಾಡಬೇಕು ಸಾರ್?”

ತಂದ ದಿನವೇ ಮನೆಯವರೆಲ್ಲ ಕೂತು ತಿಂದುಬಿಡಿ ಎಂಬ ಸತ್ಯ ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಅಷ್ಟು ಚಿಕ್ಕ ಸತ್ಯವನ್ನು ಹೇಳಿಬಿಟ್ಟರೆ ಆಮೇಲೆ ನನಗೆ ಯಾರು ಫೋನು ಮಾಡುತ್ತಾರೆ? ಗಂಟಲು ಸರಿಮಾಡಿಕೊಂಡು, “ಮೊದಲು ಒಂದು ಪುಸ್ತಕ, ಪೆನ್ನು ತೆಗೆದುಕೊಳ್ಳಿ” ಎಂದೆ.