ಕೆಂಪು ಮೋಡಕ್ಕೊಂದು ಕುಂಕುಮದ ಬೊಟ್ಟು

ಹುಣ್ಣಿಮೆ ಬಂತೆಂದರೆ ಸಿಟ್ಟಾಗುವ ಮನುಷ್ಯರನ್ನು ನೀವು ಕಂಡಿದ್ದೀರಾ? ಕೊಣ್ಣೂರಿಗೆ ಬನ್ನಿ, ನಮ್ಮ ಕಾಕಾ ಇದ್ದಾರೆ! ಚಂದ್ರ, ಬೀದಿದೀಪ, ಕಬ್ಬಿನ ಟ್ರ್ಯಾಕ್ಟರು, ಪಕ್ಕದವರ ಮದುವೆಯ ದೀಪದ ಸರ, ಬೆಳಕು ಕೊಡುವ ಯಾವುದನ್ನೂ ಕಂಡರಾಗದು. ಶಾಲೆಯ ಮಾಸ್ತರಿಕೆ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ರಾಜಕಾರಣ ಮಾತಾಡಬಾರದೇ? ಇವರು ಹಿತ್ತಲಲ್ಲಿ, ಎಮ್ಮೆಯ ಗೋದಲಿಯ ಪಕ್ಕ ದುರ್ಬೀನು ನೆಟ್ಟು, ಅದಕ್ಕೆ ಕ್ಯಾಮೆರಾ ಕಟ್ಟಿ, ನಕ್ಷತ್ರಗಳ ನಡುವೆ ಹೊಳೆಯುವ ಕೆಂಪು ಮೋಡಗಳ ಫೋಟೋ ತೆಗೆಯುತ್ತಾರೆ. ಆ ಕೆಂಪು ಬರಿಗಣ್ಣಿಗೆ ಕಾಣುವುದಿಲ್ಲ. ಕಗ್ಗತ್ತಲಲ್ಲಿ ತಾಸುಗಟ್ಟಲೆ ಅದರ ಬೆಳಕು ಕೂಡಿಸಿದರೆ ಫೋಟೋದಲ್ಲಿ ಮೂಡುತ್ತದೆ.

"ಕಾಣದ್ದಕ್ಕ ಇಷ್ಟು ನಿದ್ದಿಗೆಡಬೇಕೇನ್ರಿ?" ಎಂಬುದು ಅವರ ಹೆಂಡತಿಯ, ಅಂದರೆ ನಮ್ಮ ಕಾಕುವಿನ ಪ್ರಶ್ನೆ.

ಮನೆಯ ದೊಡ್ಡ ಜಗಳ ಹಿತ್ತಲ ಬಾಗಿಲ ಬಲ್ಬಿನದು. ಕಾಕಾ ಅದನ್ನು ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು!

"ಎಮ್ಮಿ ಹಿಂಡಾಕ ಹೋದ್ರ ಹೊಸ್ತಿಲಾ ಕಾಣವಲ್ದರಿ. ನಿನ್ನೆ ಎಡವಿ ಹಾಲೆಲ್ಲಾ ಚೆಲ್ಲಿತ್ರಿ!"

"ಮೂವತ್ತ ವರ್ಷ ಆತು ಈ ಮನಿಗೆ ಬಂದು. ಹೊಸ್ತಿಲ ಎಲ್ಲೈತಿ ಗೊತ್ತಿಲ್ಲೇನು? ನಾಟಕ ಮಾಡಬ್ಯಾಡ."

ಪಕ್ಕದ ಮನೆಯ ನಾನೂ ನಕ್ಕೆ. ಗೆದ್ದವರು ಕಾಕಾ.

ಮಹಾನವಮಿಯ ಖಂಡೇಪೂಜೆ ಬಂತು. ಕಾಕು ಕುರ್ಪಿ, ಕುಡಗೋಲು, ಮಿಕ್ಸರು, ನನ್ನ ಮೋಟರ್‌ಸೈಕಲ್ಲು, ಕಡೆಗೆ ದುರ್ಬೀನಿಗೂ ಕುಂಕುಮ ಹಚ್ಚಿದರು. ಮೇಜಿನ ಮೇಲೆ ರೂಪಾಯಿ ನಾಣ್ಯದಗಲದ ಗಾಜಿನ ಬಿಲ್ಲೆಯಿತ್ತು. ಕೆಂಪು ಮೋಡದ ಬೆಳಕನ್ನಷ್ಟೇ ಒಳಗೆ ಬಿಡುವ ಫಿಲ್ಟರು, ಕಾಕಾ ಅವರ ಪ್ರಾಣ! ಅದಕ್ಕೂ ಒಂದು ಬೊಟ್ಟು ಬಿತ್ತು. ರಾತ್ರಿ ಕಾಕಾ ಕೆಲಸ ಮಾಡುವುದು ಸಣ್ಣ ಕೆಂಪು ಟಾರ್ಚಿನಲ್ಲಿ. ಕೆಂಪು ಬೆಳಕಿನಲ್ಲಿ ಕೆಂಪು ಕುಂಕುಮ ಕಂಡೀತೇ? ಬಿಲ್ಲೆಯನ್ನು ಹಾಗೆಯೇ ಕ್ಯಾಮೆರಾದ ಮುಂದೆ ಸಿಕ್ಕಿಸಿದರು.

ಮರುದಿನ ಬನ್ನಿ ಕೊಡಲು ಹೋದರೆ ಕಾಕಾಗೆ ಬನ್ನಿಯ ಖಬರೇ ಇಲ್ಲ.

"ತಮ್ಮಾ, ಕೆಂಪು ಮೋಡದ ನಡುವ ಒಂದು ಕರಿ ಮೋಡ ಐತಿ ನೋಡ! ಇಲ್ಲೀತನಕ ಯಾರಿಗೂ ಸಿಕ್ಕಿಲ್ಲ!"

ಕೊಣ್ಣೂರಿನ ಹೆಸರು ಆಕಾಶದಲ್ಲಿ ಬರೆದಾಯಿತು ಎಂದು ಬೀಗಿದರು. ರಾತ್ರಿ ದುರ್ಬೀನನ್ನು ಇನ್ನೊಂದು ಮೋಡದತ್ತ ತಿರುಗಿಸಿದರೆ ಕರಿ ಮೋಡ ಅಲ್ಲಿಗೂ ಹಾಜರು! ಮೂರನೆಯದಕ್ಕೂ ಬಂತು.

ಬೆಳಗ್ಗೆ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಗಾಜಿನ ಮ್ಯಾಲೆ ಹಚ್ಚೀಯಲ್ಲ! ಸುತ್ತ ಕಟ್ಟು ಐತಿ, ಅದಕ್ಕ ಹಚ್ಚಬಾರದಿತ್ತೇನು?"

"ಗಾಜು ಅನ್ನೂದು ನನಗೆಲ್ಲಿ ಕಾಣತೈತ್ರಿ? ಕೈಗೆ ಸಿಕ್ತು, ಹಚ್ಚಿದೆ. ಆರು ತಿಂಗಳಾತು, ಎಲ್ಲಾ ಮಂಜ ಮಂಜ. ಹೇಳಿದ್ರ ನಾಟಕ ಅಂತೀರಿ."

ಕಾಕಾ ಬಿಲ್ಲೆ ಕೆಳಗಿಟ್ಟು ಕಾಕುವಿನ ಕಣ್ಣು ನೋಡಿದರು. ನಕ್ಕಿದ್ದ ನನಗೂ ನಾಚಿಕೆಯಾಯಿತು. ಅಂದೇ ಕಾಕುವನ್ನು ಗೋಕಾಕಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆವು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್‌ಗೆ ಎರಡು ವಾರ ಬಿಟ್ಟು ಬನ್ನಿ ಎಂದರು ಡಾಕ್ಟರು.

ಸಂಜೆ ಕಾಕಾ ಟ್ರಂಕು ತೆಗೆದರು. ಸ್ಟೂಲು ಹತ್ತಿ ಬಲ್ಬು ಹಾಕಿದರು. ಹಿತ್ತಲೆಲ್ಲ ಬೆಳಗಿತು.

"ನಿಮ್ಮ ಕೆಂಪು ಮೋಡ ಹ್ಯಾಂಗ್ರಿ ಇನ್ನ?"

"ಅದು ಎಲ್ಲಿ ಓಡಿ ಹೋಗತೈತಿ? ನೀ ಬೀಳಬ್ಯಾಡ."

ಕಾಕುವಿನ ಕೈ ಹಿಡಿದು ಹೊಸ್ತಿಲು ದಾಟಿಸಿದರು. ಎಮ್ಮೆ ಹಿಂಡಿ ಮುಗಿಯುವ ತನಕ ಹಾಲಿನ ಚರಿಗೆ ಹಿಡಿದು ಆ ಬೆಳಕಿನಲ್ಲೇ ನಿಂತಿದ್ದರು.