ಮಾವ ನೆಕ್ಕಿದ ಕೆಂಪುಕಲ್ಲು

ನಮ್ಮ ಸೋದರಮಾವನಷ್ಟು ಕಲ್ಲು ನೆಕ್ಕಿದವರು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಇನ್ನೊಬ್ಬರಿಲ್ಲ! ಕಲ್ಲು ಪರೀಕ್ಷಿಸುವ ಸರ್ಕಾರಿ ನೌಕರಿ ಅವರದು. ಒದ್ದೆ ಮಾಡಿದರೆ ಕಲ್ಲಿನ ಬಣ್ಣ ಚೆನ್ನಾಗಿ ಕಾಣುತ್ತದಂತೆ. ನೀರು ಯಾಕಾಗದು ಅಂತ ಕೇಳಿದರೆ, "ನಾಲಿಗೆ ಯಾವಾಗಲೂ ಜೊತೇಲೇ ಇರುತ್ತಲ್ಲಮ್ಮ" ಅನ್ನುವರು.

ಗೌರಿಬಿದನೂರಿಗೆ ಹೆಣ್ಣು ನೋಡಲು ಹೋದವರು ಜಗುಲಿಯ ಚಪ್ಪಡಿ ಮುಂದೆ ಮಂಡಿಯೂರಿ ಕೂತು ಏಳಲೇ ಇಲ್ಲ. ಹುಡುಗಿ ಹೇಗಿದ್ದಾಳೋ ಅಂತ ನಮ್ಮಮ್ಮ ಕೇಳಿದರೆ, "ಅಷ್ಟುದ್ದದ ಕರಿಕಲ್ಲು ಅಕ್ಕ, ಒಂದು ಬಿರುಕಿಲ್ಲ" ಅಂದರಂತೆ. ಕೊನೆಗೆ ಆ ಹುಡುಗಿಯನ್ನೇ ಮದುವೆಯಾದರು. ಮಾವ ತನ್ನ ಮುಖ ನೋಡಿದ್ದು ಧಾರೆಯ ಹೊತ್ತಿಗೇ ಅಂತ ಅತ್ತೆ ಈಗಲೂ ಹೇಳುತ್ತಾರೆ.

ಇಂಥವರನ್ನು ಐವತ್ತರ ದಶಕದ ಕೊನೆಯಲ್ಲೊಮ್ಮೆ ಅಮ್ಮ ಕಾಗದ ಬರೆದು ನಮ್ಮೂರು ಜಂಗಮಕೋಟೆಗೆ ಕರೆಸಿಕೊಂಡರು. ನಮ್ಮ ಹಿಪ್ಪುನೇರಳೆ ತೋಟದಲ್ಲಿ ಬಾವಿ ತೋಡುವಾಗ ಕಡಲೆಕಾಳಿನಷ್ಟು ಕೆಂಪು ಹರಳುಗಳಿದ್ದ ಕಲ್ಲು ಸಿಕ್ಕಿತ್ತು. ಚಿಂತಾಮಣಿಯ ಪರಿಚಯದವರೊಬ್ಬರು ಮಾಣಿಕ್ಯವೇ ಅಂದುಬಿಟ್ಟರು. ಮುಗಿಯಿತಲ್ಲ! ತೋಟವನ್ನೆಲ್ಲ ಅಗೆಯಲು ಅಪ್ಪ ಆಳುಗಳಿಗೆ ಹೇಳಿಯೇಬಿಟ್ಟರು. ಅಮ್ಮನ ರೇಷ್ಮೆಹುಳುಗಳಿಗೆ ಸೊಪ್ಪು ಎಲ್ಲಿಂದ ಬರಬೇಕು? ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮಾವ ಬಂದರು, ನೆಕ್ಕಿದರು, ಭೂತಗನ್ನಡಿ ಹಿಡಿದರು. ಯಾಕೋ ಅವತ್ತು ಅದೇ ಕಲ್ಲನ್ನು ಮೂರು ಸಲ ನೆಕ್ಕಿದರು.

"ಇದು ಗಾರ್ನೆಟ್ಟು ಭಾವ. ಪುಡಿ ಮಾಡಿ, ಮರ ಉಜ್ಜೋ ಉಪ್ಪುಕಾಗದಕ್ಕೆ ಅಂಟಿಸ್ತಾರೆ."

"ಭೂಮಿ ಒಳಗೆ ಕಲ್ಲು ಬೇಯುತ್ತೆ, ಬದಲಾಗುತ್ತೆ ಅಂತ ನೀನೇ ಹೇಳ್ತಿದ್ದೆ. ಮಾಣಿಕ್ಯ ಯಾಕಾಗಲ್ಲ?" ಅಪ್ಪ ಬಿಡಲಿಲ್ಲ.

"ಒಳಗಿದ್ದದ್ದೇ ತಾನೆ ಬೇಯೋದು? ಹುರುಳಿ ಬೇಯಿಸಿದ್ರೆ ಹೆಸರುಬೇಳೆ ಪಾಯಸ ಆಗುತ್ತಾ? ಸುಣ್ಣದ ಕಲ್ಲು ಬೆಂದ್ರೆ ಅಮೃತಶಿಲೆ. ಇದು ಹಳೇ ಜೇಡಿಮಣ್ಣು ಬೆಂದದ್ದು. ಹರಳಿನ ಸುತ್ತ ನೋಡಿ, ಬರೀ ಬೆಣಚುಕಲ್ಲು. ಬೆಣಚು ತುಂಬಿರೋ ಕಲ್ಲಲ್ಲಿ ಮಾಣಿಕ್ಯ ಹುಟ್ಟಲ್ಲ ಭಾವ."

ಅಪ್ಪ ಹರಳಿನ ಸುತ್ತ ಬೆರಳಾಡಿಸಿ ನೋಡಿ ಕಲ್ಲನ್ನು ಕೆಳಗಿಟ್ಟರು. ಆಮೇಲೆ, "ಆಳುಗಳಿಗೆ ಬರಬೇಡಿ ಅಂತ ಹೇಳಿ ಬರ್ತೀನಿ" ಅಂತ ಎದ್ದರು. ಅಮ್ಮ ಕಣ್ಣೊರೆಸಿಕೊಂಡು, ಬುಟ್ಟಿ ಎತ್ತಿಕೊಂಡು ತೋಟಕ್ಕೆ ನಡೆದರು. ನನಗೂ ಎದೆ ಹಗುರಾಯಿತು.

"ಮೂರು ಸಲ ಯಾಕೆ ನೆಕ್ಕಿದ್ರಿ ಮಾವ?" ಅಂತ ಮೆಲ್ಲಗೆ ಕೇಳಿದೆ.

"ಮಾಣಿಕ್ಯ ಆಗಿದ್ರೆ ಮಾಣಿಕ್ಯ ಅಂತಲೇ ಹೇಳಬೇಕಾಗ್ತಿತ್ತು ಕಣಮ್ಮ. ಕಲ್ಲಿನ ವಿಷಯದಲ್ಲಿ ನಂಗೆ ಸುಳ್ಳು ಬರಲ್ಲ. ಅಕ್ಕ ಈ ತೋಟದ ಸೊಪ್ಪು ಕೊಯ್ದೂ ಕೊಯ್ದೂ ನನ್ನನ್ನ ಕಾಲೇಜು ಓದಿಸಿದ್ದು."

ಅಷ್ಟು ಹೇಳಿ ಎದ್ದುಹೋಗಿ, ಅಮ್ಮನ ಪಕ್ಕ ನಿಂತು ಸೊಪ್ಪು ಕೊಯ್ಯತೊಡಗಿದರು. ತೋಟದ ತುಂಬ ಕಲ್ಲುಗಳಿದ್ದವು. ಮಾವ ಒಂದನ್ನೂ ಬಗ್ಗಿ ನೋಡಲಿಲ್ಲ.