ಅಕ್ಕನ ಮಗಳ ಅಳು

ನಮ್ಮ ಅಕ್ಕನ ಮಗಳ ಜೊತೆ ಊರಿಗೆ ಹೊರಡುವುದೂ ಒಂದೇ, ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಬೆಳಗಿನ ಮಾಲೂರು ರೈಲು ಹತ್ತುವುದೂ ಒಂದೇ. ಎಲ್ಲಿ ತುಳುಕೀತೋ ಹೇಳಲಾಗದು. ಒಂಬತ್ತು ವರ್ಷದ ಹುಡುಗಿ. ಶಾಲೆಗೆ ಸೇರುವ ಮೊದಲೇ ಬಸ್ಸಿನ ಬೋರ್ಡುಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಓದುತ್ತಿದ್ದಳು. ಎದುರುಮನೆಯ ಟೈಲರ್ ಸಾಹೇಬರ ಹತ್ತಿರ ಉರ್ದು ಅಕ್ಷರವನ್ನೂ ಕಲಿತಳು. ಇಂಥ ಬುದ್ಧಿಗೆ ಜಂಬ ಪಡೋಣವೆಂದು ನಾವು ಬಾಯಿ ತೆರೆಯುವಷ್ಟರಲ್ಲಿ ಅವಳು ಅಳಲು ಶುರುಮಾಡಿರುತ್ತಾಳೆ!

ಒಮ್ಮೆ ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿ ಒಬ್ಬಾತ ಕೋಳಿಯ ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದಿದ್ದ. ಇವಳು ಬಿಕ್ಕಿ ಬಿಕ್ಕಿ ಅತ್ತಳು. ಕಂಡಕ್ಟರ್ ಬಂದ.

"ಏನಮ್ಮಾ, ಕೋಳಿ ನಿಮ್ದಾ?"

"ಅಲ್ಲಪ್ಪ."

"ಮತ್ಯಾಕೆ ಮಗು ಅಳ್ತೈತೆ?"

"ಕೋಳಿಗೆ ತಲೆ ಸುತ್ತುತ್ತಂತೆ."

ಬಸ್ಸೆಲ್ಲ ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮುಳಬಾಗಿಲು ಬರುವಷ್ಟರಲ್ಲಿ ಕೋಳಿ ಕಿಟಕಿ ಪಕ್ಕದ ಸೀಟಿನಲ್ಲಿತ್ತು, ಅದರ ಯಜಮಾನ ನಿಂತಿದ್ದ.

ರೇಷ್ಮೆ ಗೂಡನ್ನು ಹುಳುವಿನ ಸಮೇತ ಬೇಯಿಸುತ್ತಾರೆಂದು ತಿಳಿದ ದಿನ ಊಟ ಬಿಟ್ಟಳು. ನಮ್ಮದೋ ಹುಳ ಸಾಕುವ ಮನೆ! ದೃಷ್ಟಿಯಾಗಿದೆಯೆಂದು ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದಂತೆ. ಬಂದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ ಕಣ್ಣೀರಿಟ್ಟೆವು. ಇವಳೊಬ್ಬಳೇ ನಕ್ಕಳು.

"ಅಯ್ಯೋ ದೇವುಡಾ, ದೃಷ್ಟಿ ಅಲ್ವೇ ಅಲ್ಲ, ಇದರ ಗುಣಾನೇ ಇಷ್ಟು" ಎಂದಳು ಅಮ್ಮ.

ಹೋದ ತಿಂಗಳು ಮಾಲೂರಿನ ಛತ್ರದಲ್ಲಿ ನನ್ನ ಕೊನೆಯ ತಂಗಿಯ ಮದುವೆ. ಈ ಹುಡುಗಿಗೆ ಅವಳೆಂದರೆ ಪ್ರಾಣ. ಜಡೆ ಹಾಕುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಎಲ್ಲ ಅವಳೇ. ಟೇಕಲ್‌ನ ಬೀಗರ ಮುಂದೆ ಮಾನ ಹೋದೀತೆಂದು ನನಗೆ ದಿಗಿಲು. ಹಿಂದಿನ ದಿನವೇ ಕೂರಿಸಿಕೊಂಡು ಹೇಳಿದೆ.

"ನೋಡೇ, ನಾಳೆ ಒಂದು ತೊಟ್ಟು ಕಣ್ಣೀರು ಬಂದ್ರೂ ನಿನ್ನ ಇನ್ನೆಲ್ಲಿಗೂ ಕರ್ಕೊಂಡು ಹೋಗಲ್ಲ. ಅವಳನ್ನ ನೋಡೋಕೆ ಟೇಕಲ್‌ಗೂ ಇಲ್ಲ."

"ಆಯ್ತು ಚಿಕ್ಕಮ್ಮ" ಎಂದಳು.

ಮದುವೆಯ ದಿನವೆಲ್ಲ ನಗುನಗುತ್ತಲೇ ಓಡಾಡಿದಳು. ಬೀಗಿತ್ತಿಯೇ "ಎಷ್ಟು ಜಾಣೆ ನಿಮ್ಮ ಹುಡುಗಿ" ಎಂದರು. ಗೆದ್ದೆ ಅಂದುಕೊಂಡೆ.

ಸಂಜೆ ಹೆಣ್ಣೊಪ್ಪಿಸುವ ಶಾಸ್ತ್ರ. ತಂಗಿಯ ಕೈಯನ್ನು ಅವಳ ಅತ್ತೆಯ ಕೈಗಿಟ್ಟಾಗ ಅಮ್ಮ ಅತ್ತಳು, ಅಕ್ಕ ಅತ್ತಳು, ನಾನೂ ಅತ್ತೆ. ವಾಲಗದವರ ಕಣ್ಣೂ ಒದ್ದೆಯಾಯಿತು. ಯಾರಿಗೂ ನಾಚಿಕೆಯಿಲ್ಲ, ಶಾಸ್ತ್ರ ತಾನೇ? ಯಾರೋ ನನ್ನ ಸೆರಗೆಳೆದರು. ತಿರುಗಿದರೆ ಇವಳು. ಕಚ್ಚಿ ಕಚ್ಚಿ ಕೆಳತುಟಿ ಕೆಂಪಾಗಿತ್ತು.

"ಚಿಕ್ಕಮ್ಮ, ಎಲ್ಲಾರೂ ಅಳ್ತಾವ್ರೆ. ನಾನೂ ಸ್ವಲ್ಪ ಅಳಲಾ? ಆಮೇಲೆ ಟೇಕಲ್‌ಗೆ ಕರ್ಕೊಂಡು ಹೋಗ್ತೀಯಾ?"

ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಅವಳನ್ನು ಎತ್ತಿ ಎದೆಗೊತ್ತಿಕೊಂಡು, "ಅಳು ಕಂದ, ಎಷ್ಟು ಬೇಕೋ ಅಷ್ಟು ಅಳು" ಎಂದೆ.

ಅವಳು ತಕ್ಷಣ ಅಳಲಿಲ್ಲ. ಮೊದಲು ನನ್ನ ಭುಜದ ಮೇಲಿಂದ ಕತ್ತೆತ್ತಿ, ಬೀಗರು ನೋಡುತ್ತಿದ್ದಾರೆಯೇ ಎಂದು ನೋಡಿದಳು. ಹಾಗೆ ನೋಡುವುದನ್ನು ಅವಳಿಗೆ ಕಲಿಸಿದವಳು ನಾನು.